ಮೆತ್ತಗೆ ಮಾತಾಡಲು ಕಲಿತ ಚೌಡಪ್ಪ

ಸಕ್ಕರೆ ಬಿಟ್ಟೆ ಎಂದು ನಾನು ಈವರೆಗೆ ಒಂಬತ್ತು ಸಲ ಘೋಷಿಸಿದ್ದೇನೆ. ಬಿಡುವುದಕ್ಕಿಂತ ಘೋಷಿಸುವುದು ಸುಲಭವಾದ್ದರಿಂದ ಮೊದಲು ಆ ಕೆಲಸ ಮುಗಿಸಿಬಿಡುತ್ತೇನೆ. ಈಗೀಗ ನನ್ನ ಹೆಂಡತಿ "ಹೌದಾ, ಸರಿ" ಎಂದಷ್ಟೇ ಹೇಳಿ ಸಕ್ಕರೆ ಡಬ್ಬವನ್ನು ಇನ್ನೂ ಸ್ವಲ್ಪ ಕೈಗೆಟಕುವ ಹಾಗೆ ಇಡುತ್ತಾಳೆ. ಹೋದ ಯುಗಾದಿಯ ಬೆಳಿಗ್ಗೆ ಬಿಟ್ಟದ್ದು ಮಧ್ಯಾಹ್ನ ಎಲೆಗೆ ಹೋಳಿಗೆ ಬೀಳುವವರೆಗೆ ನಡೆಯಿತು. ಹೋಳಿಗೆಯಲ್ಲಿರುವುದು ಬೆಲ್ಲ, ಸಕ್ಕರೆಯಲ್ಲ ಎಂದು ವಾದಿಸಿದೆ. ಆ ವಾದ ಗೆದ್ದ ಸಂತೋಷಕ್ಕೆ ಸಂಜೆ ಕಾಫಿಗೂ ಎರಡು ಚಮಚ ಹಾಕಿಸಿಕೊಂಡೆ.

ನಮ್ಮ ಭಾಷೆಯಲ್ಲಿ ಈ ವಿಷಯಕ್ಕೆ ಎಷ್ಟೊಂದು ಪದಗಳಿವೆ ನೋಡಿ. ನಾನು ಮಾಡುವುದು ಅಭ್ಯಾಸ. ನಮ್ಮ ಮನೆಯವರೆಲ್ಲ ಮಾಡಿದರೆ ಪದ್ಧತಿ. ಮಕ್ಕಳು ಮಾಡಿದರೆ ಚಾಳಿ. ಪಕ್ಕದ ಮನೆಯವನು ಅದನ್ನೇ ಮಾಡಿದರೆ ಚಟ. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದ ನನಗೆ ಈ ಪದಗಳ ವ್ಯತ್ಯಾಸ ಹೇಳುವುದು ಗೊತ್ತು, ಅವುಗಳಲ್ಲಿ ಒಂದನ್ನಾದರೂ ಬಿಡುವುದು ಗೊತ್ತಿಲ್ಲ. ಅದಕ್ಕೇ ನಮ್ಮ ಬೀದಿಯ ಕೊನೆಮನೆ ಚೌಡಪ್ಪನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಬೆರೆತ ಗೌರವ.

ದೊಡ್ಡಬಳ್ಳಾಪುರದಲ್ಲಿ ನಾವಿರುವುದು ಮಗ್ಗದವರ ಬೀದಿ. ಚೌಡಪ್ಪನ ನಡುಮನೆಯಲ್ಲೇ ಎರಡು ಪವರ್‌ಲೂಮ್‌ಗಳಿದ್ದವು. ಒಂದರ ಮುಂದೆ ಅವನು, ಇನ್ನೊಂದರ ಮುಂದೆ ಹೆಂಡತಿ ಲಕ್ಷ್ಮಮ್ಮ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿನಲ್ಲಿ ಮೂವತ್ತು ವರ್ಷ ಸೀರೆ ನೇಯ್ದವರು. ಹೀಗಾಗಿ ಚೌಡಪ್ಪ ಹೊರಗೆ ಬಂದು ಮಾತಾಡಿದರೆ ಕೂಗಿದ ಹಾಗಿರುತ್ತಿತ್ತು. "ಮೇಷ್ಟ್ರೇ, ಕಾಫಿ ಆಯ್ತಾ?" ಎಂದು ಅವನು ಪ್ರೀತಿಯಿಂದ ಕೇಳಿದರೆ ಮೂರು ಮನೆಯಾಚೆ ತೊಟ್ಟಿಲಲ್ಲಿ ಮಲಗಿದ ಮಗು ಅಳುತ್ತಿತ್ತು.

ಹೋದ ವರ್ಷ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಅರ್ಧ ಹೋಗಿದೆ, ಉಳಿದದ್ದಾದರೂ ಉಳಿಯಬೇಕಾದರೆ ಮಗ್ಗ ಬಿಡು ಅಂದರು. ಚೌಡಪ್ಪ ಘೋಷಣೆ ಗೀಷಣೆ ಏನೂ ಮಾಡಲಿಲ್ಲ. ಹದಿನೈದು ದಿನದಲ್ಲಿ ಎರಡೂ ಮಗ್ಗ ಬಿಚ್ಚಿಸಿ ಕಳಿಸಿದ. ಐವತ್ತೈದನೇ ವಯಸ್ಸಿನಲ್ಲಿ, ಬೇರೆ ಯಾವ ಕೆಲಸವೂ ಗೊತ್ತಿಲ್ಲದವನು ನನ್ನ ಮುಂದೆ ಬಂದು ನಿಂತು, "ಮೇಷ್ಟ್ರೇ, ಏನಾದ್ರೂ ಹೊಸದು ಕಲೀತೀನಿ, ಎಲ್ಲಾದ್ರೂ ಹೇಳಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದ.

ನಾನು ಹೇಳಿದ್ದು ಎಲ್ಲಿಗೆ ಗೊತ್ತೇ? ಓದುವ ಕೊಠಡಿಗೆ! ನನ್ನ ಹಳೆಯ ವಿದ್ಯಾರ್ಥಿನಿ ಮಮತಾ ನಮ್ಮ ಬೀದಿಯಲ್ಲೇ, ಮಹಡಿಯ ಮೇಲೆ, ಪರೀಕ್ಷೆಗಳಿಗೆ ಓದುವವರಿಗಾಗಿ ನಲವತ್ತು ಕುರ್ಚಿಯ ಕೊಠಡಿ ನಡೆಸುತ್ತಾಳೆ. ಪಿಎಸ್‌ಐ, ಎಫ್‌ಡಿಎ ಎಂದು ಸುತ್ತಮುತ್ತಲ ಹಳ್ಳಿಗಳಿಂದ ಬಂದು ಬೆಳಗಿನಿಂದ ಸಂಜೆಯವರೆಗೆ ಓದುತ್ತಾರೆ. ನೋಡಿಕೊಳ್ಳಲು ನಂಬಿಕಸ್ಥರು ಬೇಕು ಅಂದಿದ್ದಳು. ಚೌಡಪ್ಪನಿಗಿಂತ ನಂಬಿಕಸ್ಥನಿಲ್ಲ ಎಂದುಬಿಟ್ಟೆ. ಅಲ್ಲಿ ಬೇಕಾದ ಮುಖ್ಯ ಯೋಗ್ಯತೆ ಮೌನ ಎಂಬುದು ಆ ಹೊತ್ತಿಗೆ ನನ್ನ ತಲೆಗೇ ಹೊಳೆಯಲಿಲ್ಲ.

ಮೊದಲ ದಿನವೇ ಒಬ್ಬ ಹುಡುಗನ ಮನೆಯಿಂದ ಫೋನು ಬಂತು. ಕೂಗಬಾರದು ಎಂಬುದು ಚೌಡಪ್ಪನಿಗೆ ನೆನಪಿತ್ತು. ಮಗ್ಗದ ಮನೆಯಲ್ಲಿ ಆ ತುದಿಯವರನ್ನು ಕರೆಯಬೇಕಾದರೆ ಟ್ಯೂಬ್‌ಲೈಟಿನ ಸ್ವಿಚ್ಚು ಎರಡು ಸಲ ಆರಿಸಿ ಹಾಕುತ್ತಾರೆ. ಆ ಹುಡುಗನನ್ನು ಕರೆಯಲು ಇವನೂ ಹಾಗೇ ಮಾಡಿದ. ಬಾಗಿಲು ಹಾಕುತ್ತಾರೆ ಎಂದುಕೊಂಡು ನಲವತ್ತು ಜನವೂ ಪುಸ್ತಕ ಚೀಲಕ್ಕೆ ತುಂಬಿ ಎದ್ದರು. ಗಾಬರಿಯಾಗಿ ಚೌಡಪ್ಪ, "ಕೂತ್ಕೊಳ್ರಪ್ಪಾ, ನಿಮ್ಮನ್ನಲ್ಲ!" ಎಂದು ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ. ಆ ಪಿಸುಮಾತು ನನ್ನ ಮನೆಗೆ ಕೇಳಿಸಿತು.

ವಾರದೊಳಗೆ ಮಮತಾ ಬಂದಳು. "ಸರ್, ಅಂಕಲ್ ತುಂಬಾ ಒಳ್ಳೆಯವ್ರು. ಆದ್ರೆ ಹುಡುಗ್ರು ಬೇರೆ ಕಡೆ ಹೋಗ್ಬಿಡ್ತಾರೆ ಸರ್. ಈ ತಿಂಗಳು ನೋಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ" ಅಂದಳು. ನನಗೆ ಮುಖ ಎತ್ತಲಾಗಲಿಲ್ಲ. ಚೌಡಪ್ಪನಿಗೆ ಹೇಳಿದಾಗ ಅವನು ತಲೆ ತಗ್ಗಿಸಿ, "ಮಗ್ಗಾನೂ ಹೋಯ್ತು, ಇದೂ ಹೋದ್ರೆ ನಾನು ಮನೇಲಿ ಕೂತು ಏನ್ ಮಾಡ್ಲಿ ಮೇಷ್ಟ್ರೇ?" ಎಂದ. ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಜಗಲಿಯ ಮೇಲೆ ಪಾಠ. "ಗಟ್ಟಿಯಾಗಿ ಹೇಳ್ರೋ" ಎಂದು ಮಕ್ಕಳನ್ನು ಮೂವತ್ತು ವರ್ಷ ಗದರಿದವನು ಈಗ "ಇನ್ನೂ ಮೆತ್ತಗೆ, ಇನ್ನೂ ಮೆತ್ತಗೆ" ಎಂದು ಹೇಳಿಕೊಡುತ್ತಿದ್ದೆ. ಅವನು ಒಂದು ದಿನವೂ ತಪ್ಪಿಸಲಿಲ್ಲ. ನಾನು ಎರಡು ದಿನ ತಪ್ಪಿಸಿದೆ.

ದನಿ ಮಾತ್ರ ಇಳಿಯಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಪೇಪರ್ ಓದುವ ನೆಪದಲ್ಲಿ ಆ ಕೊಠಡಿಗೆ ಹೋಗಿ ಕೂತೆ. ಲಕ್ಷ್ಮಮ್ಮ ಊಟದ ಡಬ್ಬಿ ತಂದು ಗಾಜಿನ ಬಾಗಿಲಾಚೆ ನಿಂತಳು. ಚೌಡಪ್ಪ ಈಚೆ. ಇಬ್ಬರೂ ಮಾತಾಡತೊಡಗಿದರು, ಒಂದಿಷ್ಟೂ ಸದ್ದಿಲ್ಲದೆ! ಬರೀ ತುಟಿ, ಹುಬ್ಬು, ಬೆರಳು. ಹಿಂದೂಪುರದಿಂದ ನಾದಿನಿ ಬರುವುದು, ಗ್ಯಾಸ್ ಬಾರದೇ ಇರುವುದು, ಸಾರಿಗೆ ಉಪ್ಪು ಹೆಚ್ಚಾಗಿರುವುದು ಎಲ್ಲವೂ ಐದು ನಿಮಿಷದಲ್ಲಿ ಮುಗಿಯಿತು. ಇವೆಲ್ಲ ಆಮೇಲೆ ಕೇಳಿ ತಿಳಿದುಕೊಂಡದ್ದು. ಮಗ್ಗ ಓಡುವಾಗ ಎಷ್ಟು ಕೂಗಿದರೂ ಕೇಳುವುದಿಲ್ಲವಲ್ಲ, ಅದಕ್ಕೇ ಅವರು ಸಂಸಾರವನ್ನೆಲ್ಲ ಮಾತಾಡಿಕೊಂಡದ್ದು ಈ ಭಾಷೆಯಲ್ಲೇ.

"ಚೌಡಪ್ಪ, ಹುಡುಗರ ಹತ್ರಾನೂ ಹಿಂಗೇ ಮಾತಾಡೋ" ಎಂದೆ.

"ಇದು ಮಗ್ಗದ ಮಾತು ಮೇಷ್ಟ್ರೇ. ಓದಿದೋರ ಹತ್ರ ಆಡೋದಾ?" ಎಂದು ನಾಚಿಕೊಂಡ.

ಆದರೂ ಆಡಿದ. ಕಿವಿಯ ಹತ್ತಿರ ಬೆರಳು ತಂದರೆ ಫೋನು, ಹುಬ್ಬು ಕುಣಿಸಿ ಕೈ ತಿರುಗಿಸಿದರೆ ಫ್ಯಾನು ಜೋರು ಮಾಡಲೇ ಎಂದು ಅರ್ಥ. ಹತ್ತು ದಿನದಲ್ಲಿ ಹುಡುಗರೂ ಕಲಿತರು. ಪರೀಕ್ಷೆಯಲ್ಲಿ ಫೇಲಾಗಿ ಮುಖ ಬಾಡಿಸಿಕೊಂಡು ಕೂತ ಹುಡುಗಿಗೆ ಅವನು ದೂರದಿಂದಲೇ, ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕುವ ಹಾಗೆ, ಎರಡು ಬೆರಳು ಹೊಸೆದು ತೋರಿಸಿದನಂತೆ. ಅವಳು ನಕ್ಕು ಪುಸ್ತಕ ತೆಗೆದಳಂತೆ. ತಿಂಗಳು ಮುಗಿದಾಗ ಮಮತಾ ಕೊಠಡಿಯ ಬೀಗದ ಕೈಯನ್ನೇ ಅವನಿಗೆ ಕೊಟ್ಟಳು. ಆ ದಿನ ನನಗಾದ ಸಂತೋಷಕ್ಕೆ ಮೈಸೂರ್ ಪಾಕ್ ತಂದು ಎಲ್ಲರಿಗೂ ಹಂಚಿದೆ. ಅದರಲ್ಲಿ ಸಕ್ಕರೆ ಇದೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ದಿನವಿಡೀ ಸದ್ದಿಲ್ಲದೆ ಇದ್ದು ಇದ್ದು ಚೌಡಪ್ಪನ ದನಿಯೂ ಇಳಿಯಿತು. ಮನೆಯಲ್ಲೂ ಮೆತ್ತಗಾದ. ಬೀದಿಯವರೆಲ್ಲ ಹೊಗಳಿದರು. ಆದರೆ ಒಂದು ದಿನ ಸಪ್ಪಗೆ ಬಂದು, "ಲಕ್ಷ್ಮಿಗೆ ನಾನು ಮೆತ್ತಗಾಗಿದ್ದು ಹಿಡಿಸ್ಲಿಲ್ಲ ಅನ್ಸುತ್ತೆ ಮೇಷ್ಟ್ರೇ. ಎದುರಿಗಿದ್ರೆ ಮಾತಾಡ್ತಾಳೆ, ಬೆನ್ನು ತಿರುಗಿಸಿದ್ರೆ ಉತ್ತರಾನೇ ಕೊಡಲ್ಲ" ಎಂದ.

ಅವನ ಮಾತು ಅವನಿಗೇ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನನಗೂ ಅಷ್ಟೇ. ಪಕ್ಕದ ಮಗ್ಗದ ಮುಂದೆ ಅಷ್ಟೇ ವರ್ಷ ನಿಂತವಳ ಕಿವಿ ಹೇಗಿದೆ ಎಂದು ಯಾರೂ ಕೇಳಿರಲಿಲ್ಲ. ಇಷ್ಟು ಓದಿದ ನಾನೂ ಕೇಳಿರಲಿಲ್ಲ. ಡಾಕ್ಟರು ನೋಡಿ, ಚೌಡಪ್ಪನಿಗಿಂತ ಅವಳಿಗೇ ಹೆಚ್ಚು ಹೋಗಿದೆ ಅಂದರು. "ನೀವು ಕೂಗ್ತಾ ಇದ್ರಲ್ಲ ರೀ, ನಂಗೆ ಗೊತ್ತೇ ಆಗ್ಲಿಲ್ಲ" ಎಂದಳಂತೆ ಲಕ್ಷ್ಮಮ್ಮ.

ಲಕ್ಷ್ಮಮ್ಮನ ಕಿವಿಗೆ ಹಾಕುವ ಮಷೀನಿಗೆ ಅಳತೆ ಕೊಟ್ಟು ಬಂದಿದ್ದಾರೆ, ಬರಲು ಇನ್ನೂ ಕೆಲವು ವಾರ ಬೇಕಂತೆ. ನಿನ್ನೆ ಸಂಜೆ ಚೌಡಪ್ಪ ಕೊಠಡಿಯಲ್ಲಿ ಕೊನೆಯವರಾಗಿ ಉಳಿದಿದ್ದವರನ್ನು ಬೆರಳಿನಲ್ಲೇ ಎಬ್ಬಿಸಿ ಕಳಿಸಿ, ಬೀಗ ಹಾಕಿ, ಮೆಟ್ಟಿಲಿಳಿದು ಬಂದ. ನನ್ನನ್ನು ಕಂಡು ತುಟಿಯಲ್ಲೇ "ಕಾಫಿ ಆಯ್ತಾ?" ಎಂದು ಕೇಳಿದ. ಆಮೇಲೆ ಬೀದಿಯ ಕೊನೆಗೆ ಮುಖ ಮಾಡಿ, ಎದೆ ತುಂಬ ಉಸಿರೆಳೆದು, "ಲಕ್ಷ್ಮೀ, ಬಂದೇ ಕಣೇ!" ಎಂದು ಕೂಗಿದ. ತೊಟ್ಟಿಲ ಮಗು ಎದ್ದು ಅಳತೊಡಗಿತು. ಮನೆ ಮುಂದೆ ನಮಗೆ ಬೆನ್ನು ಹಾಕಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಲಕ್ಷ್ಮಮ್ಮ ತಿರುಗಿ ನೋಡಿದಳು.