ವೈಫೈ ಅಡಾಪ್ಟರಿನ ನೀಲಿ ದೀಪ

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯ ಹಳೆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ದೆ. ಪುಕ್ಕಟೆ ಸಿಗುವುದನ್ನು ವ್ಯಾಪಾರಿ ಬಿಡುವುದಿಲ್ಲ. ವ್ಯಾಪಾರಿಗಳು ಕೊಬ್ಬರಿಗೆ ಆನ್‌ಲೈನಿನಲ್ಲಿ ದರ ಬರೆಯುವ ಟೆಂಡರಿನ ದಿನವೇ ನೆಟ್ಟಿನ ವೈರನ್ನು ಇಲಿ ಕಡಿದಿತ್ತು. ಟೆಂಡರಿನ ಪುಟ ಮೊಬೈಲಿನಲ್ಲಿ ತೆರೆಯುವುದಿಲ್ಲ. ಎದುರಂಗಡಿಯ ವೈಫೈ ಹಿಡಿಯೋಣವೆಂದು ಯುಎಸ್‌ಬಿ ಅಡಾಪ್ಟರ್ ತಂದು ಚುಚ್ಚಿದರೆ, ಅದರ ದೀಪವೇ ಹತ್ತಲಿಲ್ಲ.

ಹೊನ್ನವಳ್ಳಿಯ ಗಂಗಮ್ಮ ವರ್ಷವೆಲ್ಲ ಅಟ್ಟದಲ್ಲಿ ಒಣಗಿದ ಕೊಬ್ಬರಿ ಇಳಿಸಿ ಬಾಗಿಲಲ್ಲೇ ಕೂತಿದ್ದಳು. ಒಳ್ಳೆ ದರ ಬರೆಯುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ. ಟೆಂಡರು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ಕಂಪ್ಯೂಟರ್ ರಿಪೇರಿಯ ರಫೀಕ್ ಬಂದು ನೋಡಿದ. "ಇದಕ್ಕೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು ಅಣ್ಣ, ನೆಟ್ಟಿಂದ ಇಳಿಸ್ಕೋಬೇಕು."

"ನೆಟ್ ಇಲ್ಲ ಅಂತಲೇ ಇದನ್ನ ತಂದಿರೋದು ಕಣಪ್ಪ!"

ಅವನು ನಕ್ಕು, ತನ್ನ ಮೊಬೈಲನ್ನು ಕೇಬಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದ. ಡ್ರೈವರ್ ಇಳಿಯಿತು. ಕಪ್ಪು ಪರದೆಯ ಮೇಲೆ ಅಕ್ಷರ ಹರಿದವು, ಏನೋ ತಪ್ಪಾಯಿತು, ಮತ್ತೆ ಮೊದಲಿಂದ ಶುರು. "ದೀಪ ಹತ್ತಿತೇನ್ಲಾ?" ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಗೂ ನೀಲಿ ದೀಪ ಹತ್ತಿತು. ಅಷ್ಟರಲ್ಲಿ ಟೆಂಡರು ಮುಗಿದಿತ್ತು.

"ಟೆಂಡರ್ ಹಾಕ್ಬೇಕಿತ್ತಾ ಅಣ್ಣ?" ರಫೀಕನ ಮುಖ ಸಪ್ಪಗಾಯಿತು. "ಮೊಬೈಲ್ ಸಿಕ್ಕಿಸಿದಾಗ್ಲೇ ಕಂಪ್ಯೂಟರಿಗೆ ನೆಟ್ ಬಂದಿತ್ತಲ್ಲ! ನೀವು ದೀಪ ದೀಪ ಅಂತಿದ್ರಿ."

ಗಂಗಮ್ಮನ ಮಾಲಿಗೆ ಬೇರೊಬ್ಬ ಕಡಿಮೆ ದರ ಬರೆದಿದ್ದ. ವಾಪಸ್ ಒಯ್ಯಲು ಗಾಡಿಯಿಲ್ಲದೆ ಆ ದರಕ್ಕೇ ಕೊಟ್ಟಳು. "ದೀಪ ಚೆನ್ನಾಗೈತೆ ಬುಡಿ ಸಾವ್ಕಾರ್ರೆ," ಎಂದು ಎದ್ದು ಹೋದಳು.

ಈಗ ಅವಳ ಕೊಬ್ಬರಿ ಬೇರೆ ಮಂಡಿಗೆ ಹೋಗುತ್ತದೆ. ಅಡಾಪ್ಟರ್ ಮಾತ್ರ ಇವತ್ತಿನವರೆಗೂ ಒಂದು ದಿನವೂ ಕೈಕೊಟ್ಟಿಲ್ಲ.