ಬಾರದ ಕಾರ್ಡುಗಳ ಲೆಕ್ಕ

೧೯೯೯ರಲ್ಲಿ ನಾನು ಕಡಲಾಚೆಯ ಊರಾದ ಮಿಲ್ಟನ್‌ನ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಸ್ಟಾಟಿಸ್ಟಿಷಿಯನ್ ಆಗಿದ್ದೆ. ಮೈಸೂರಿನ ಸಸ್ಯಾಹಾರಿ ಹೆಂಗಸಿಗೆ ಒದಗಿದ ಕೆಲಸವಾದರೂ ಯಾವುದು? ಸುತ್ತಲಿನ ಕಾಡುಗಳಲ್ಲಿ ವರ್ಷಕ್ಕೆ ಎಷ್ಟು ಜಿಂಕೆ ಬೇಟೆಯಾದವು ಎಂದು ಅಂದಾಜು ಮಾಡುವುದು! ನಮ್ಮ ಯಜಮಾನರಿಗಂತೂ ನಗುವೋ ನಗು. “ಸೊಪ್ಪಲ್ಲಿ ಹುಳ ಕಂಡ್ರೆ ಕಿರುಚ್ಕೊಳ್ಳೋಳು ನೀನು, ಆಫೀಸಲ್ಲಿ ಬೇಟೆ ಲೆಕ್ಕ ಬರೀತೀಯೇನೇ?” ಎಂದು ದಿನಾ ಕಾಡುತ್ತಿದ್ದರು.

ಕೆಲಸವೇನೋ ಸರಳವಾಗಿತ್ತು. ಹೆಣ್ಣು ಜಿಂಕೆ ಹೊಡೆಯಲು ಲಾಟರಿಯಲ್ಲಿ ಟ್ಯಾಗ್, ಅಂದರೆ ಪರವಾನಗಿ ಚೀಟಿ, ಸಿಗಬೇಕು; ಒಂದು ಟ್ಯಾಗಿಗೆ ಒಂದೇ ಜಿಂಕೆ. ಗಂಡಾದರೆ ಟ್ಯಾಗ್ ಬೇಡ, ಮಾಮೂಲಿ ಲೈಸೆನ್ಸ್ ಸಾಕು. ಒಟ್ಟು ಎಷ್ಟು ಟ್ಯಾಗ್ ಕೊಡಬಹುದೆಂಬ ಮಿತಿಯೇ ಕೋಟಾ. ಚಳಿಗಾಲಕ್ಕೆ ಮುಂಚಿನ ಬೇಟೆಯ ಸೀಸನ್ ಮುಗಿದ ಮೇಲೆ ‘ಎಷ್ಟು ಹೊಡೆದಿರಿ?’ ಎಂದು ಬೇಟೆಗಾರರಿಗೆ ಕಾರ್ಡ್ ಕಳಿಸುತ್ತಿದ್ದೆವು. ಬಂದ ಉತ್ತರಗಳ ಸರಾಸರಿ ತೆಗೆದು, ಒಟ್ಟು ಬೇಟೆಗಾರರ ಸಂಖ್ಯೆಯಿಂದ ಗುಣಿಸಿ, ಬೇಟೆ ಮಿತಿಮೀರಿದೆ ಎಂದು ವರದಿ ಬರೆದೆ. ಅದನ್ನು ನಂಬಿ ಮುಂದಿನ ಸೀಸನ್ನಿನ ಕೋಟಾವನ್ನು ಅರ್ಧಕ್ಕೆ ಇಳಿಸುವ ಪ್ರಸ್ತಾಪ ಸರ್ಕಾರದಿಂದ ಬಂತು.

ಮಾರ್ಚಿನಲ್ಲಿ ಹತ್ತಿರದ ಜಾರ್ಜ್‌ಟೌನ್‌ನ ಹಾಲೊಂದರಲ್ಲಿ ಬೇಟೆಗಾರರ ಸಭೆ. ವರದಿ ವಿವರಿಸಲು ನನ್ನನ್ನೇ ಕಳಿಸಿದರು. ನಾನು ಎದ್ದು ನಿಂತದ್ದೇ ತಡ, ಕೂಗಾಟ ಶುರುವಾಯಿತು. “ಅಯ್ಯೋ ರಾಮ!” ಎಂದು ನಾನು ಗೊಣಗಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕನ್ನಡದಲ್ಲೇ ಅಂದರು: “ಹೆದರ್ಬೇಡಿ ಮೇಡಂ. ಆದ್ರೆ ನಿಮ್ ಲೆಕ್ಕ ತಪ್ಪು.”

ಅವರು ಮುತ್ತಣ್ಣ, ಕೊಡಗಿನವರು, ವಯಸ್ಸು ಅರವತ್ತೆಂಟು. ಬರುವ ಚಳಿಗಾಲದಲ್ಲಿ ಅವರ ಎರಡೂ ಮಂಡಿಗೆ ಆಪರೇಷನ್. “ಬರೋ ಸೀಸನ್ನೇ ನಂಗೆ ಕೊನೇದು. ಗಂಡು ಜಿಂಕೆ ಹುಡುಕ್ಕೊಂಡು ಅಲೆಯೋಕೆ ಈ ಕಾಲಲ್ಲಿ ಆಗಲ್ಲ. ಟ್ಯಾಗ್ ಸಿಕ್ಕಿದ್ರೆ ಒಂದ್ ಕಡೆ ಕೂತು ಕಾಯಬಹುದಿತ್ತು. ಅದನ್ನೂ ಕಿತ್ಕೊಳ್ತಿದ್ದೀರಲ್ಲ!”

ನನಗೂ ರೇಗಿತು. “ನೀವು ಕಾರ್ಡ್ ಕಳಿಸಿದ್ರಾ?”

“ಇಲ್ಲ. ಹೊಡೆದಿದ್ರೆ ತಾನೇ ಕಳ್ಸೋದು! ಬರಿಗೈಲಿ ಬಂದೋನು ಏನಂತ ಬರೀಲಿ?”

ಇವರಂತೆ ಇನ್ನೆಷ್ಟು ಜನರೋ ಅನ್ನಿಸಿತು. ಕಾರ್ಡ್ ಕಳಿಸದವರು ಕೈ ಎತ್ತಿ ಎಂದು ಸಭೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಮುಕ್ಕಾಲು ಪಾಲು ಜನ ಕೈ ಎತ್ತಿದರು. ಜಿಂಕೆ ಹೊಡೆಯದವರು ಈಗ ಕೈ ಇಳಿಸಿ ಎಂದೆ. ಉಳಿದದ್ದು ಎರಡೇ ಕೈ! ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜಿಂಕೆ ಸಿಕ್ಕವರ ಕಾರ್ಡುಗಳಿಂದಲೇ ಸಿಗದವರ ಲೆಕ್ಕವನ್ನೂ ಕಟ್ಟಿಬಿಟ್ಟಿದ್ದೆ.

ಎರಡು ವಾರ ಕೂತು ಕಾರ್ಡ್ ಕಳಿಸದವರಿಗೆಲ್ಲ ಫೋನ್ ಮಾಡಿದೆ. ತಪ್ಪು ನನ್ನದೆಂದು ಸ್ಪಷ್ಟವಾಗಿ ಬರೆದು ಹೊಸ ವರದಿ ಕೊಟ್ಟೆ. ಬಾಸ್ ಗೊಣಗುತ್ತಲೇ ಸಹಿ ಹಾಕಿದರು. ಕೋಟಾ ಕಡಿತ ನಿಂತಿತು. ಲಾಟರಿಯಲ್ಲಿ ಮುತ್ತಣ್ಣನವರಿಗೂ ಟ್ಯಾಗ್ ಬಂತು. ಸುದ್ದಿ ಕೇಳಿ ನಾನು ಕುಣಿದಾಡುವುದೊಂದು ಬಾಕಿ.

ಡಿಸೆಂಬರಿನಲ್ಲಿ ಅವರ ಕಾರ್ಡ್ ಬಂತು. ಸಂಖ್ಯೆಯ ಚೌಕದಲ್ಲಿ ದಪ್ಪ ಸೊನ್ನೆ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: “ಬೆಳಗಿಂದ ಸಂಜೆ ತನಕ ಕೂತಿದ್ದೆ. ಒಂದು ಬಂತು. ಗುಂಡು ಮೇಪಲ್ ಮರಕ್ಕೆ ಬಿತ್ತು. ಇಷ್ಟು ಖುಷಿ ಯಾವ ವರ್ಷವೂ ಆಗಿರಲಿಲ್ಲ, ಬರ್ಕೊಳ್ಳಿ ಮೇಡಂ.”

ಸುಮ್ಮನಿದ್ದವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಈ ಸಲ ನಾನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಬರಿಗೈಲಿ ಬಂದ ಮುತ್ತಣ್ಣನವರು ತಾವಾಗಿಯೇ ಬರೆದು ಅಂಚೆಗೆ ಹಾಕಿದ್ದರು.