ಕ್ಯಾಮೆರಾಕ್ಕೆ ಮುಖ ಮಾಡದ ಕಪ್ಪು

ಬೆಳಗಿನ ಐದೂವರೆ. ಇಪ್ಪತ್ತೆರಡು ಮೇಜುಗಳ ಕಚೇರಿಯಲ್ಲಿ, ಮಾತಾಡಿಸಲು ಬಂದ ನಮ್ಮನ್ನು ಬಿಟ್ಟರೆ, ನರಪಿಳ್ಳೆಯಿಲ್ಲ. ಪ್ರಾಪರ್ಟಿ ಅಕ್ಕ ಒಬ್ಬರೇ ಗುಮಾಸ್ತನ ಮೇಜಿನ ಮೇಲೆ ನಿನ್ನೆ ಚೆಲ್ಲಿದಂತೆ ಕಾಣುವ ಚಹಾದ ಕಲೆ ಮೂಡಿಸುತ್ತಿದ್ದಾರೆ. ಇದು ನಿಜವಾದ ಕಚೇರಿಯಲ್ಲ, ಹಾಸ್ಯಚಿತ್ರವೊಂದರ ಸೆಟ್; ಇಲ್ಲಿನ ಸಾಮಾನು ಹೊಂದಿಸುವುದೇ ಪ್ರಾಪರ್ಟಿಯವರ ಕೆಲಸ. ಹಲ್ಲು ಮುರಿದ ಬಾಚಣಿಗೆ, ಒಣಗಿದ ಗೋಂದಿನ ಬಾಟಲಿ, ಕಡತಗಳ ಮೇಲಿನ ಧೂಳು, ಎಲ್ಲ ಅವರ ಕೈಕೆಲಸ. ಯಾವ ಗುಮಾಸ್ತ ಪೆನ್ನಿನ ಮುಚ್ಚಳ ಕಚ್ಚುತ್ತಾನೆ ಎಂಬುದು ಕಥೆ ಬರೆದವರಿಗಿಂತ ಇವರಿಗೇ ಚೆನ್ನಾಗಿ ಗೊತ್ತು.

ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷ, ನಲವತ್ತೊಂದು ಚಿತ್ರ. ತೆರೆಯ ಮೇಲೆ ಇವರ ಹೆಸರು ಬಂದದ್ದು ಆರರಲ್ಲಿ ಮಾತ್ರ. ಉಳಿದವುಗಳಲ್ಲಿ ಕಾರು ಕೊಟ್ಟವರಿಗೆ, ಚಪ್ಪಲಿ ಕೊಟ್ಟವರಿಗೆ, ಸೋಪು ಕೊಟ್ಟವರಿಗೆಲ್ಲ ದೊಡ್ಡಕ್ಷರದಲ್ಲಿ ಕೃತಜ್ಞತೆ ಇದೆ. ಇದನ್ನು ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಅಕ್ಕ ಮಾತ್ರ ಕಲೆ ಒಣಗಿತೇ ಎಂದು ಮುಟ್ಟಿ ನೋಡುತ್ತಾರೆ.

ಅವರ ಸಿಟ್ಟು ಬೇರೆಯದು. ಈ ಚಿತ್ರಕ್ಕೆ ಹಣ ಹಾಕಿರುವ ಚಹಾಪುಡಿ ಕಂಪನಿಯವರು ಮೊದಲು ಕೇಳಿದ್ದು ಒಂದೇ ಮೇಜಿನ ಮೂಲೆಯಲ್ಲಿ ಒಂದೇ ಪೊಟ್ಟಣ. ಬೆರಳು ಕೊಟ್ಟರೆ ಹಸ್ತ ನುಂಗುವ ಜನ. ಈಗ ಇಪ್ಪತ್ತೆರಡು ಮೇಜಿನ ಮೇಲೂ ಅವರ ಹೆಸರಿನ ಕಪ್ಪುಗಳಿವೆ, ಎಲ್ಲವೂ ಕ್ಯಾಮೆರಾಕ್ಕೆ ಮುಖ ಮಾಡಿ ಕೂತಿವೆ. "ಯಾವ ಆಫೀಸಲ್ಲಿ ಕಪ್ಪುಗಳು ಹಿಂಗೆ ಕವಾಯತಿಗೆ ನಿಂತಿರ್ತವೆ, ಹೇಳಿ? ಮೂಗಿಗಿಂತ ಮೂಗುತಿ ಭಾರ ಆಯ್ತು," ಎನ್ನುತ್ತಾರೆ.

ಕಳೆದ ವಾರ ನಡೆದದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ಮೂವತ್ತು ವರ್ಷ ದುಡಿದ ಗುಮಾಸ್ತನಿಗೆ ಕೆಲಸದಿಂದ ತೆಗೆದ ಕಾಗದ ಬರುವ ದೃಶ್ಯ. ನಗಿಸುವ ಚಿತ್ರದಲ್ಲಿ ಅಳು ಬರಿಸುವ ಒಂದೇ ಜಾಗ. ಗುಮಾಸ್ತನ ಪಾತ್ರದ ಹಿರಿಯ ನಟರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿದರು. ಕಂಪನಿಯ ಪ್ರತಿನಿಧಿ, "ಸಾರ್, ಬೆರಳು ಸ್ವಲ್ಪ ಸರಿಸಿ, ಹೆಸರು ಮುಚ್ಚಿಹೋಗ್ತಿದೆ," ಎಂದ. ಆರು ಸಲ ಅಳಿಸಿದರು, ಆರು ಸಲವೂ ಬೆರಳು ಅಡ್ಡ ಬಂತು. ಏಳನೆಯದಕ್ಕೆ ಅವರ ಕಣ್ಣೀರು ಬತ್ತಿದಾಗ, ಕಣ್ಣಿಗೆ ಗ್ಲಿಸರಿನ್ ಹಾಕಿ ನೀರು ಬರಿಸಿದರು. ಮನುಷ್ಯರು ಮಾಡುವ ಕೆಲಸವೇ ಇದು?

ಅದೂ ಕಂಪನಿಗೆ ಒಪ್ಪಿಗೆಯಾಗದೆ ಇವತ್ತು ಮತ್ತೆ ಅದೇ ದೃಶ್ಯ. "ಅಕ್ಕಾ, ಉಂಡ ಮನೆ ಜಂತೆ ಎಣಿಸ್ಬೇಡಿ. ಕಪ್ಪು ಆಚೀಚೆ ಆದ್ರೆ ನಾಳೆಯಿಂದ ನೀವು ಬರೋದೇ ಬೇಡ," ಎಂದು ನಿರ್ದೇಶಕ ನಿನ್ನೆಯೇ ಎಚ್ಚರಿಸಿದ್ದಾನೆ. ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ಹಾಸಿಗೆ ಹಿಡಿದ ಅಮ್ಮ, ಕಾಲೇಜಿಗೆ ಹೋಗುವ ಮಗಳು ಇವರನ್ನೇ ನಂಬಿದ್ದಾರೆ.

"ನಮ್ಮಪ್ಪಂಗೂ ಅಂಥ ಕಾಗದ ಬಂದಿತ್ತು ಕಣ್ರೀ. ಅವತ್ತು ಟೀ ಕುಡೀಲೇ ಇಲ್ಲ. ಲೋಟ ಹಿಡ್ಕೊಂಡು ಕೂತೇ ಇದ್ರು, ಕೆನೆ ಕಟ್ಟೋವರೆಗೂ," ಎನ್ನುತ್ತಾ ಅಕ್ಕ ಚೀಲದಿಂದ ಹಿಡಿ ಮುರಿದ ಬಿಳಿ ಕಪ್ಪೊಂದನ್ನು ತೆಗೆದು ಗುಮಾಸ್ತನ ಮೇಜಿಗಿಡುತ್ತಾರೆ. ಅದರ ಮೇಲೆ ಯಾರ ಹೆಸರೂ ಇಲ್ಲ.

ಒಂಬತ್ತಕ್ಕೆ ಕ್ಯಾಮೆರಾ ಓಡುತ್ತದೆ. ಹಿರಿಯ ನಟರು ಕಪ್ಪು ನೋಡುತ್ತಾರೆ, ಒಂದು ಗಳಿಗೆ ಅಕ್ಕನನ್ನೂ ನೋಡುತ್ತಾರೆ. ಆಮೇಲೆ ಕಾಗದ ಓದಿ, ಎರಡೂ ಕೈಯಲ್ಲಿ ಕಪ್ಪು ಮುಚ್ಚಿಕೊಂಡು ಅಳುತ್ತಾರೆ. ಒಂದೇ ಸಲಕ್ಕೆ ಮುಗಿಯುತ್ತದೆ. ಲೈಟಿನವನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ.

"ನಮ್ಮ ಕಪ್ಪೆಲ್ಲಿ?" ಪ್ರತಿನಿಧಿ ಕಿರುಚುತ್ತಾನೆ.

"ಬೀರುವಿನಲ್ಲಿದೆ. ಮುಖ ಮುಂದೆ ಮಾಡಿಯೇ ಇಟ್ಟಿದ್ದೀನಿ."

"ಇನ್ನೊಂದು ಸಲ ಅಳೋಕೆ ನನ್ನಿಂದಾಗಲ್ಲ," ಎಂದು ಹಿರಿಯ ನಟರು ಎದ್ದು ಹೊರಟುಬಿಡುತ್ತಾರೆ. ದೃಶ್ಯ ಉಳಿಯುತ್ತದೆ, ಅಕ್ಕನ ಕೆಲಸ ಉಳಿಯುವುದಿಲ್ಲ. ಮಧ್ಯಾಹ್ನದೊಳಗೆ ಸಾಮಾನು ಕಟ್ಟಿಕೊಳ್ಳಲು ನಿರ್ದೇಶಕ ಹೇಳಿಕಳಿಸುತ್ತಾನೆ.

ಚೀಲಕ್ಕೆ ಗಂಟು ಹಾಕುತ್ತಾ ಅಕ್ಕ ಹೇಳುತ್ತಾರೆ: "ಟಿಕೆಟ್ ತಗೊಂಡು ಹೋಗಿ ಜನರ ಮಧ್ಯೆ ಕೂತು ಆ ಸೀನ್ ನೋಡ್ಬೇಕು. ಗುಮಾಸ್ತನ ಕೈಯಲ್ಲಿ ಏನಿತ್ತು ಅಂತ ಆಮೇಲೆ ಯಾರಿಗೂ ನೆನಪಿರಬಾರದು. ಹಂಗಾದ್ರೆ ನಾನು ಕೆಲಸ ಸರಿಯಾಗಿ ಮಾಡಿದ್ದೀನಿ ಅಂತ."